ಕಂಪ್ಯೂಟರಿನ ಕೈಗೆ ಸಿಗದ ಒಂದು ಪ್ರತಿ

"ಬ್ಯಾಕಪ್ ಇದೆಯಾ?" ಎಂದು ಕೇಳಿದರೆ ಎಷ್ಟೋ ಅಂಗಡಿ, ಆಫೀಸುಗಳಲ್ಲಿ ಸಿಗುವ ಉತ್ತರ, "ಇದೆಯಲ್ಲ, ಡಿ ಡ್ರೈವ್‌ನಲ್ಲಿ ಹಾಕಿದ್ದೀವಿ." ಪರದೆಯ ಮೇಲೆ ಸಿ, ಡಿ ಎಂದು ಎರಡು ಕಂಡರೂ ಹೆಚ್ಚಿನ ಕಂಪ್ಯೂಟರುಗಳಲ್ಲಿ ಒಳಗಿರುವುದು ಒಂದೇ ಡಿಸ್ಕ್. ಒಂದು ಕೋಣೆಗೆ ನಡುವೆ ತಟ್ಟಿ ಕಟ್ಟಿ ಎರಡು ಮಾಡಿದಂತೆ. ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ.

ಇನ್ನೊಂದು ಉತ್ತರ, "ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ." ಹೋಗಿ ನೋಡಿದರೆ ಅದು ವರ್ಷದಿಂದ ಅದೇ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಳಗೆ ಬಂದ ದಿನ ಸಿ ಡ್ರೈವ್‌ನ ಫೈಲುಗಳ ಜೊತೆ ಆ ಡಿಸ್ಕಿನ ಫೈಲುಗಳಿಗೂ ಬೀಗ ಬೀಳುತ್ತದೆ, ಏಕೆಂದರೆ ಕಂಪ್ಯೂಟರ್ ಬರೆಯಬಲ್ಲ ಜಾಗಕ್ಕೆಲ್ಲ ಆ ಪ್ರೋಗ್ರಾಂ ಕೂಡ ಬರೆಯಬಲ್ಲದು. ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನಿಮ್ಮ ಆಫೀಸಿನ ಯಾವ ಕಂಪ್ಯೂಟರಿನಿಂದಲೂ, ಯಾವ ಪಾಸ್‌ವರ್ಡ್‌ನಿಂದಲೂ ಅಳಿಸಲಾಗದ ಒಂದು ಪ್ರತಿ ಇರಬೇಕು. ಆ ಪ್ರತಿಯನ್ನು ಯಾರಾದರೂ ತೆರೆದು ನೋಡಿರಬೇಕು.

ಇಲ್ಲಿ ಹೇಳುವುದು ನಾಲ್ಕೈದು ಕಂಪ್ಯೂಟರ್ ಇಟ್ಟುಕೊಂಡು ವ್ಯವಹಾರ ನಡೆಸುವವರಿಗೆ. ಅಡಿಕೆ ಮಂಡಿ, ಹಾರ್ಡ್‌ವೇರ್ ಅಂಗಡಿ, ಆಡಿಟರ್ ಆಫೀಸು, ಪ್ರಿಂಟಿಂಗ್ ಪ್ರೆಸ್, ಸಣ್ಣ ಫ್ಯಾಕ್ಟರಿ. ಟ್ಯಾಲಿಯಲ್ಲಿ ಲೆಕ್ಕ, ಎಕ್ಸೆಲ್‌ನಲ್ಲಿ ದರಪಟ್ಟಿ, ಸ್ಕ್ಯಾನ್ ಮಾಡಿದ ಕಾಗದಪತ್ರ, ವಿನ್ಯಾಸದ ಫೈಲುಗಳು ಎಲ್ಲ ಸೇರಿ 400 ಜಿಬಿ ಎಂದು ಇಟ್ಟುಕೊಳ್ಳೋಣ.

ಕಿರ್ದಿ, ಖಾತೆ ಪುಸ್ತಕಗಳ ಕಾಲದಲ್ಲಿ ಕಾಗದವನ್ನು ಗೆದ್ದಲಿನಿಂದ ಕಾಪಾಡಿದರೆ ಸಾಕಿತ್ತು. ಈಗ ಕಾನೂನೇ ಇಂತಿಷ್ಟು ವರ್ಷ ಇಡಬೇಕು ಎನ್ನುತ್ತದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಇರಬೇಕು. ಕಂಪನಿ ಎಂದು ನೋಂದಣಿಯಾಗಿದ್ದರೆ, ಪ್ರೈವೇಟ್ ಲಿಮಿಟೆಡ್ ಕೂಡ ಸೇರಿ, 8 ವರ್ಷ. ಅಷ್ಟೇ ಅಲ್ಲ, 2022ರ ಆಗಸ್ಟ್‌ನಲ್ಲಿ ಕಂಪನಿಗಳ ಲೆಕ್ಕಪತ್ರ ನಿಯಮಕ್ಕೆ ತಿದ್ದುಪಡಿಯಾಗಿ, ಎಲೆಕ್ಟ್ರಾನಿಕ್ ಲೆಕ್ಕಪತ್ರದ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ದಿನಂಪ್ರತಿ ಇರಬೇಕು ಎಂದಾಗಿದೆ. ಅದಕ್ಕೆ ಮೊದಲು "ನಿಯತಕಾಲಿಕವಾಗಿ" ಎಂದಷ್ಟೇ ಇತ್ತು. ಪಾಲುದಾರಿಕೆ ಸಂಸ್ಥೆಗೆ, ಒಬ್ಬರ ಅಂಗಡಿಗೆ ಈ ನಿಯಮ ಅನ್ವಯಿಸದು. ಆದರೂ ದಿನಕ್ಕೊಮ್ಮೆ ಎನ್ನುವುದು ಒಳ್ಳೆಯ ಅಳತೆ. ಒಂದು ದಿನದ ಬಿಲ್ಲುಗಳನ್ನು ಮತ್ತೆ ಕೂತು ಹೊಡೆಯಬಹುದು, ಒಂದು ತಿಂಗಳದ್ದು ಆಗುವುದಿಲ್ಲ.

ಮೊದಲು ಏನು ಎಲ್ಲಿದೆ ಎಂದು ಹುಡುಕಿ

ಬ್ಯಾಕಪ್ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಒಂದು ಕಾಗದ ತೆಗೆದುಕೊಂಡು ಪ್ರತಿ ಕಂಪ್ಯೂಟರಿನ ಮುಂದೆ ಕೂರಬೇಕು. "ಮೈ ಡಾಕ್ಯುಮೆಂಟ್ಸ್ ಕಾಪಿ ಮಾಡಿದ್ದೇವೆ" ಎನ್ನುವ ಕಡೆ ಟ್ಯಾಲಿ ಡೇಟಾ ಬಿಟ್ಟುಹೋಗಿರುವುದು ತೀರಾ ಸಾಮಾನ್ಯ, ಏಕೆಂದರೆ ಅದು ಅಲ್ಲಿ ಇರುವುದೇ ಇಲ್ಲ. ಟ್ಯಾಲಿಪ್ರೈಮ್ ತಾನಾಗಿ ಆರಿಸಿಕೊಳ್ಳುವ ಜಾಗ ಸಿ ಡ್ರೈವ್‌ನ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್, ಅದರೊಳಗೆ ಡೇಟಾ. ಅಲ್ಲಿ ಕಂಪನಿಯ ಹೆಸರು ಕಾಣುವುದಿಲ್ಲ, ಐದಾರು ಅಂಕಿಯ ಹೆಸರಿನ ಫೋಲ್ಡರುಗಳು ಇರುತ್ತವೆ. ಒಂದೊಂದು ಸಂಖ್ಯೆ ಒಂದೊಂದು ಕಂಪನಿ. ಇನ್‌ಸ್ಟಾಲ್ ಮಾಡಿಕೊಟ್ಟವರು ಬೇರೆ ಕಡೆ ಇಟ್ಟಿರಲೂಬಹುದು. ಕಂಪನಿ ಆರಿಸುವ ಪರದೆಯಲ್ಲಿ ತೋರುವ ಡೇಟಾದ ದಾರಿಯನ್ನು ಅಕ್ಷರ ಬಿಡದೆ ಬರೆದುಕೊಳ್ಳಿ.

ಔಟ್‌ಲುಕ್ ಬಳಸುವವರು ತಮ್ಮ ಮೇಲ್ ಯಾವ ಬಗೆಯದು ಎಂದು ನೋಡಬೇಕು. ಪಾಪ್ ವಿಧಾನದಲ್ಲಿ ಇಳಿಸಿಕೊಳ್ಳುವ ಮೇಲ್ ಸರ್ವರಿನಿಂದ ಅಳಿದು, ಆ ಕಂಪ್ಯೂಟರಿನ ಪಿಎಸ್‌ಟಿ ಫೈಲಿನಲ್ಲಿ ಮಾತ್ರ ಉಳಿದಿರಬಹುದು. ಹತ್ತು ವರ್ಷದ ಪತ್ರವ್ಯವಹಾರ ಒಂದೇ ಫೈಲಿನಲ್ಲಿ. ಒಎಸ್‌ಟಿ ಫೈಲಾದರೆ ಚಿಂತೆಯಿಲ್ಲ, ಅದು ಸರ್ವರಿನ ನಕಲು ಅಷ್ಟೇ. ಮಾಲೀಕರ ಫೋನನ್ನೂ ಪಟ್ಟಿಗೆ ಸೇರಿಸಿ. ವಾಟ್ಸಾಪ್‌ನಲ್ಲಿ ಬಂದ ಆರ್ಡರ್, ಲಾರಿ ಚೀಟಿಯ ಫೋಟೊ ಕೂಡ ವ್ಯವಹಾರದ ದಾಖಲೆಯೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಅಪಾಯವಿದೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ, ಅಂದರೆ ಯುನಿಕೋಡ್ ಅಲ್ಲದ ವಿಧಾನದಲ್ಲಿ ಟೈಪ್ ಮಾಡಿದ ಕರಾರುಪತ್ರ, ಲಗ್ನಪತ್ರಿಕೆ, ಸಂಘದ ನಡಾವಳಿಗಳಲ್ಲಿ ಕನ್ನಡ ಅಕ್ಷರ ಎನ್ನುವುದೇ ಇರುವುದಿಲ್ಲ. ಫೈಲಿನೊಳಗೆ ಇರುವುದು ರೋಮನ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಆ ಫಾಂಟ್ ಅದನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತದೆ. ಫೈಲು ಜೋಪಾನವಾಗಿ ಉಳಿದು ಫಾಂಟ್ ಹೋದರೆ ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ, ಅಷ್ಟೇ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಈ ಫಾಂಟ್‌ಗಳನ್ನು ತೆಗೆದು, ಅವುಗಳ ಇನ್‌ಸ್ಟಾಲರ್ ಸಮೇತ ಬ್ಯಾಕಪ್‌ನಲ್ಲಿ ಇಡಿ. ಮುಖ್ಯ ಕಾಗದಗಳನ್ನು ಫಾಂಟ್ ಒಳಗೇ ಸೇರುವ ಹಾಗೆ ಪಿಡಿಎಫ್ ಮಾಡಿ ಜೊತೆಗಿಡಿ. ಡಿಟಿಪಿ ಅಂಗಡಿಗಳು ಪೇಜ್‌ಮೇಕರ್, ಕೋರೆಲ್ ಡ್ರಾ ಯಾವ ಆವೃತ್ತಿಯವು ಎಂಬುದನ್ನೂ ಬರೆದಿಡಬೇಕು.

ತೆರೆದಿರುವ ಫೈಲನ್ನು ನಕಲು ಮಾಡುವುದು

ಟ್ಯಾಲಿಯ ಒಂದು ಕಂಪನಿ ಎಂದರೆ ಒಂದು ಫೈಲ್ ಅಲ್ಲ, ಒಂದಕ್ಕೊಂದು ಹೊಂದಿಕೊಂಡ ಅನೇಕ ಫೈಲುಗಳ ಗುಂಪು. ಯಾರೋ ವೋಚರ್ ಹಾಕುತ್ತಿರುವಾಗ ಫೋಲ್ಡರನ್ನು ಎಳೆದು ನಕಲು ಮಾಡಿದರೆ ಅರ್ಧ ಫೈಲು ವೋಚರಿಗೆ ಮೊದಲಿನದು, ಇನ್ನರ್ಧ ನಂತರದ್ದು ಆಗುತ್ತದೆ. ನಕಲು ಮುಗಿಯಿತು ಎಂದು ಕಾಣುತ್ತದೆ, ತೆರೆಯುವಾಗ ಕೈ ಕೊಡುತ್ತದೆ. ಎಲ್ಲರೂ ಟ್ಯಾಲಿ ಮುಚ್ಚಿದ ಮೇಲೆ ಫೋಲ್ಡರ್ ನಕಲು ಮಾಡಬೇಕು, ಇಲ್ಲವೇ ಟ್ಯಾಲಿಯದೇ ಬ್ಯಾಕಪ್ ಬಳಸಬೇಕು. ಆಲ್ಟ್ ಜೊತೆ ವೈ ಒತ್ತಿ, ಬ್ಯಾಕಪ್ ಆರಿಸಿ, ಯಾವ ಕಂಪನಿ, ಎಲ್ಲಿಗೆ ಎಂದು ತೋರಿಸಿದರೆ ಮುಗಿಯಿತು. ಎಲ್ಲಿಗೆ ಎಂಬಲ್ಲಿ ದಿನಾಂಕ ಇರುವ ಹೊಸ ಫೋಲ್ಡರ್ ಕೊಡಿ. ನಿನ್ನೆಯದರ ಮೇಲೆಯೇ ಇವತ್ತಿನದನ್ನು ಬರೆಯುತ್ತಾ ಹೋದರೆ, ಡೇಟಾ ಹಾಳಾದದ್ದು ನಾಲ್ಕು ದಿನದ ನಂತರ ಗೊತ್ತಾದಾಗ ನಿಮ್ಮ ಬಳಿ ಹಾಳಾದ ಪ್ರತಿಯೇ ಇರುತ್ತದೆ.

ಟ್ಯಾಲಿ ಡೇಟಾವನ್ನು ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಸಿಂಕ್ ಫೋಲ್ಡರಿನೊಳಗೇ (ಇಲ್ಲಿ ಬದಲಾದದ್ದು ತಾನಾಗಿ ಕ್ಲೌಡ್‌ನಲ್ಲೂ ಬದಲಾಗುವ ಫೋಲ್ಡರ್) ಇಟ್ಟು ಕೆಲಸ ಮಾಡುವವರೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಸಿಂಕ್ ಪ್ರೋಗ್ರಾಂ ಫೈಲು ಹಿಡಿದ ಗಳಿಗೆಯಲ್ಲೇ ಟ್ಯಾಲಿ ಅದಕ್ಕೆ ಬರೆಯಲು ಹೋದರೆ ಡೇಟಾ ಕೆಡುತ್ತದೆ. ಬ್ಯಾಕಪ್ ಆಗಿ ಬಂದ ಫೈಲನ್ನು ಅಲ್ಲಿಗೆ ಹಾಕುವುದು ಸರಿ, ಜೀವಂತ ಡೇಟಾವನ್ನು ಅಲ್ಲ. ಟ್ಯಾಲಿ ಹೊಸ ಆವೃತ್ತಿಗೆ ಹೋಗುವ ಮುನ್ನವೂ ಒಂದು ಪ್ರತ್ಯೇಕ ಬ್ಯಾಕಪ್ ಬೇಕು, ಹೊಸದರಲ್ಲಿ ಬದಲಾದ ಡೇಟಾ ಹಳೆಯದರಲ್ಲಿ ತೆರೆಯದೆ ಹೋಗಬಹುದು. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಕಾಗದದಲ್ಲಿ ಬರೆದು ತಿಜೋರಿಯಲ್ಲಿಡಿ. ಅದು ಮರೆತರೆ ತೆಗೆದುಕೊಡುವವರು ಯಾರೂ ಇಲ್ಲ.

ಬಿಲ್ಲಿಂಗ್ ಸಾಫ್ಟ್‌ವೇರ್ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಎಂಬ ಡೇಟಾಬೇಸ್ ಮೇಲೆ ನಡೆಯುತ್ತಿದ್ದರೆ ಡೇಟಾ ಇರುವ ಎಂಡಿಎಫ್ ಫೈಲನ್ನು ಸುಮ್ಮನೆ ಕಾಪಿ ಮಾಡಲು ಆಗುವುದಿಲ್ಲ, ಸರ್ವರ್ ಅದನ್ನು ಹಿಡಿದುಕೊಂಡಿರುತ್ತದೆ. ಡೇಟಾಬೇಸಿನ ಬ್ಯಾಕಪ್ ಆಜ್ಞೆಯಿಂದಲೇ ಬ್ಯಾಕ್ ಫೈಲ್ ತೆಗೆಯಬೇಕು. ಸಮಸ್ಯೆ ಏನೆಂದರೆ, ಉಚಿತವಾದ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಏಜೆಂಟ್ ಇಲ್ಲ. ಹಾಗಾಗಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದ ಆ ಆಜ್ಞೆ ಓಡುವ ಹಾಗೆ ಮಾಡಿಸಿಕೊಳ್ಳಬೇಕು. ಸಾಫ್ಟ್‌ವೇರ್ ಮಾರಿದವರನ್ನು ಈ ಒಂದು ಪ್ರಶ್ನೆ ಕೇಳಿ: "ರಾತ್ರಿ ಬ್ಯಾಕ್ ಫೈಲ್ ತಾನಾಗಿ ಬೀಳುತ್ತದೆಯೇ, ಎಲ್ಲಿ ಬೀಳುತ್ತದೆ?"

ಯಾವುದರ ಮೇಲೆ ಬರೆಯುವುದು

ತಿರುಗುವ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಸೂಚನೆ ಕೊಟ್ಟು ಸಾಯುತ್ತದೆ, ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಬರೆಯುವ ಎಸ್‌ಎಸ್‌ಡಿ ಬಹಳ ಸಲ ಹೇಳದೆ ಕೇಳದೆ ಹೋಗುತ್ತದೆ. ನಿನ್ನೆ ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಕಂಪ್ಯೂಟರ್ ಶುರುವಾಗುವಾಗಿನ ಬಯೋಸ್ ಪರದೆಯಲ್ಲೂ ಕಾಣುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲನ್ನು ಹಿಂದಕ್ಕೆ ತರುವ ಆಸೆಯೂ ಕಡಿಮೆ. ಟ್ರಿಮ್ ಎಂಬ ಏರ್ಪಾಡಿನಿಂದ ಅಳಿಸಿದ ಜಾಗವನ್ನು ಡ್ರೈವ್ ತಾನೇ ಸ್ವಲ್ಪ ಹೊತ್ತಿನಲ್ಲಿ ಖಾಲಿ ಮಾಡಿಬಿಡುತ್ತದೆ.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಸಾಕು. ನೀಲಿ ಇದ್ದರೆ ಸರಿ, ಹಳದಿ ಎಂದರೆ ಎಚ್ಚರ. ಬಣ್ಣಕ್ಕಿಂತ ಮೂರು ಸಾಲು ಮುಖ್ಯ. 05 ಎಂದರೆ ಕೆಟ್ಟ ಸೆಕ್ಟರುಗಳ (ಡಿಸ್ಕಿನ ಚಿಕ್ಕ ಚಿಕ್ಕ ತುಂಡು ಜಾಗಗಳ) ಬದಲಿಗೆ ಮೀಸಲಿನಿಂದ ಎಷ್ಟು ತೆಗೆದುಕೊಂಡಿದೆ ಎಂಬ ಲೆಕ್ಕ. ಸಿ5 ಎಂದರೆ ಓದಲು ಆಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು. ಸಿ6 ಎಂದರೆ ಸರಿಪಡಿಸಲಾಗದವು. ಮೂರರಲ್ಲೂ ಕಚ್ಚಾ ಮೌಲ್ಯ (ರಾ ವ್ಯಾಲ್ಯೂ) ಸೊನ್ನೆ ಇರಬೇಕು. 05ರಲ್ಲಿ ನಾಲ್ಕೈದು ಇದ್ದು ತಿಂಗಳುಗಟ್ಟಲೆ ಅಷ್ಟೇ ಇದ್ದರೆ ಕಣ್ಣಿಟ್ಟಿರಬಹುದು. ಸಿ5 ವಾರದಿಂದ ವಾರಕ್ಕೆ ಏರುತ್ತಿದ್ದರೆ ಅದೇ ದಿನ ಡಿಸ್ಕ್ ಬದಲಿಸಿ. ಆದರೆ ಸಿ7 ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ. ಅದು ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ಸಾಗಣೆಯ ತಪ್ಪು, ಸಾಮಾನ್ಯವಾಗಿ ಸಾಟಾ ಕೇಬಲ್ ಬದಲಿಸಿದರೆ ನಿಲ್ಲುತ್ತದೆ. ಸಂಖ್ಯೆಗಳು ಅಲ್ಲಿ ಹೆಕ್ಸ್, ಅಂದರೆ ಹದಿನಾರರ ಎಣಿಕೆಯ ರೂಪದಲ್ಲಿ ಇರುವುದರಿಂದ 10 ಎಂದು ಕಂಡರೆ ಅದು 16 ಎಂಬುದೂ ಗೊತ್ತಿರಲಿ.

ಲಕ್ಷಗಟ್ಟಲೆ ಡಿಸ್ಕ್ ಓಡಿಸುವ ಬ್ಯಾಕ್‌ಬ್ಲೇಜ್ ಎಂಬ ಆನ್‌ಲೈನ್ ಬ್ಯಾಕಪ್ ಸಂಸ್ಥೆ 2013ರಿಂದ ತನ್ನ ಡಿಸ್ಕುಗಳ ಸಾವಿನ ಲೆಕ್ಕ ಇಡುತ್ತಾ ಬಂದಿದೆ. 2023ರಲ್ಲಿ ಸತ್ತವುಗಳ ವಾರ್ಷಿಕ ಪ್ರಮಾಣ ಶೇ 1.40 ಇತ್ತು. ನೂರಕ್ಕೆ ಒಂದೂವರೆ ಎಂದರೆ ಕಡಿಮೆ ಅನಿಸಬಹುದು. ಅವು ಎಸಿ ಕೋಣೆಯಲ್ಲಿ, ಏರಿಳಿತವಿಲ್ಲದ ಕರೆಂಟಿನಲ್ಲಿ ಓಡುವ ಡಿಸ್ಕುಗಳು. ಏಪ್ರಿಲ್‌ನ ಸೆಕೆಯಲ್ಲಿ, ಸಿಮೆಂಟ್ ಧೂಳಿನಲ್ಲಿ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಕಡೆ ಓಡುವವಕ್ಕೆ ಅದೇ ಆಯಸ್ಸು ನಿರೀಕ್ಷಿಸಲಾಗದು. ಯುಪಿಎಸ್ ಇಲ್ಲದೆ ಲೆಕ್ಕದ ಕಂಪ್ಯೂಟರ್ ಓಡಿಸಬೇಡಿ. ಇದ್ದರೂ ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ತಿಂಗಳಿಗೊಮ್ಮೆ ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ. ಟ್ಯಾಲಿ ಮುಚ್ಚಿ ಕಂಪ್ಯೂಟರ್ ಆರಿಸಲು ಐದು ನಿಮಿಷ ಸಿಕ್ಕರೆ ಸಾಕು. ಈ ಪರೀಕ್ಷೆಯನ್ನು ಎಲ್ಲ ಪ್ರೋಗ್ರಾಂ ಮುಚ್ಚಿಯೇ ಮಾಡಬೇಕು.

ಬ್ಯಾಕಪ್‌ಗೆ ಪೆನ್‌ಡ್ರೈವ್ ಬೇಡ. ಅದರೊಳಗಿನ ಫ್ಲಾಶ್ ಸಾಮಾನ್ಯವಾಗಿ ಕಡಿಮೆ ದರ್ಜೆಯದು. ಲಾಕರಿನಲ್ಲಿ ವರ್ಷಗಟ್ಟಲೆ ಇಡಲು ಎಸ್‌ಎಸ್‌ಡಿಯೂ ಬೇಡ. ಫ್ಲಾಶ್ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುತ್ ಚಾರ್ಜ್ ನಿಧಾನಕ್ಕೆ ಸೋರುತ್ತದೆ, ಬಿಸಿ ಹೆಚ್ಚಿದ್ದರೆ ಇನ್ನೂ ಬೇಗ. ಚಿಪ್‌ಗಳಿಗೆ ಮಾನದಂಡ ಹಾಕುವ ಜೆಡೆಕ್ ಸಂಸ್ಥೆಯ ಪ್ರಕಾರ, ಬರೆದು ಬರೆದು ಆಯಸ್ಸಿನ ಕೊನೆಗೆ ಬಂದ ಸಾಮಾನ್ಯ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು, ಅಷ್ಟೇ. ಹೊಸದು ಹೆಚ್ಚು ಕಾಲ ಹಿಡಿಯುತ್ತದೆ, ಆದರೂ ಲಾಕರಿಗೆ ಮಾಮೂಲಿ ತಿರುಗುವ ಡಿಸ್ಕೇ ವಾಸಿ. ಕರಾವಳಿ, ಮಲೆನಾಡಿನವರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿ ಹಾಕಿಡಿ. ಟೇಪ್ ದೊಡ್ಡ ಸಂಸ್ಥೆಗಳಿಗೆ. ಒಂದು ಎಲ್‌ಟಿಒ-9 ಟೇಪ್ 18 ಟಿಬಿ ಹಿಡಿಯುತ್ತದೆ, ಆದರೆ ಅದನ್ನು ಓದುವ ಯಂತ್ರದ ಬೆಲೆ 400 ಜಿಬಿಗೆ ಹೊಂದುವುದಿಲ್ಲ.

ಎರಡು ಡಿಸ್ಕ್ ಜೋಡಿಸಿದ ರೈಡ್ ಇದ್ದರೆ ಬ್ಯಾಕಪ್ ಬೇಡ ಎಂಬ ಮಾತು ಕೆಲವು ಮಾರಾಟಗಾರರಿಂದ ಕೇಳಿಬರುತ್ತದೆ. ಅದು ತಪ್ಪು. ಎರಡೂ ಡಿಸ್ಕಿಗೆ ಅದನ್ನೇ ಬರೆಯುವ ರೈಡ್ 1, ಒಂದು ಡಿಸ್ಕ್ ಸತ್ತಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ. ನೀವು ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಯುತ್ತದೆ. ಸಿಂಕ್ ಕೂಡ ಹಾಗೆಯೇ. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಸಿಗುತ್ತದೆ, 31ನೇ ದಿನ ನೆನಪಾದರೆ ಇಲ್ಲ.

ದೊಡ್ಡವರು ಎಡವಿದ್ದು ಎಲ್ಲಿ

2017ರ ಜನವರಿ 31ರಂದು ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸಿನ ಫೋಲ್ಡರನ್ನೇ ಅಳಿಸಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ದಿನಾ ಆಗಬೇಕಿದ್ದ ಬ್ಯಾಕಪ್ ಹುಡುಕಿದರೆ ಅದನ್ನು ಇಡುವ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿ, ಬ್ಯಾಕಪ್ ತೆಗೆಯುವ ಸಾಧನ 9.2ನೇದು. ಅದು ಪ್ರತಿದಿನ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಯಾರೋ ಬೇರೆ ಕಾರಣಕ್ಕೆ ಆರು ಗಂಟೆ ಮುಂಚೆ ತೆಗೆದಿದ್ದ ಪ್ರತಿಯೊಂದು ಉಳಿಸಿತು.

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಸರ್ವರ್ ಬಾಡಿಗೆಗೆ ಕೊಡುವ ಒವಿಎಚ್ ಸಂಸ್ಥೆಯ ಡೇಟಾ ಸೆಂಟರ್ ಕಟ್ಟಡ ಸುಟ್ಟುಹೋಯಿತು. ಸರ್ವರೂ ಅದರ ಬ್ಯಾಕಪ್ಪೂ ಅದೇ ಆವರಣದಲ್ಲಿದ್ದ ಗ್ರಾಹಕರಿಗೆ ಎರಡೂ ಇಲ್ಲವಾಯಿತು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ಸೈಬರ್ ದಾಳಿಗೆ ಸಿಕ್ಕ ಮರ್ಸ್ಕ್ ಹಡಗು ಸಂಸ್ಥೆಯದು ಇನ್ನೂ ವಿಚಿತ್ರ. ಜಗತ್ತಿನಾದ್ಯಂತ ಇದ್ದ ಅದರ ಡೊಮೇನ್ ಕಂಟ್ರೋಲರ್‌ಗಳೆಲ್ಲ (ಯಾರು ಲಾಗಿನ್ ಆಗಬಹುದು ಎಂದು ತೀರ್ಮಾನಿಸುವ ಸರ್ವರ್‌ಗಳು) ಒಂದಕ್ಕೊಂದು ನಕಲಾಗಿ ನಿಂತಿದ್ದವು, ಎಲ್ಲವೂ ಒಟ್ಟಿಗೆ ಹಾಳಾದವು. ಉಳಿದದ್ದು ಘಾನಾದ ಕಚೇರಿಯಲ್ಲಿ ಒಂದೇ. ದಾಳಿಯ ಹೊತ್ತಿನಲ್ಲಿ ಅಲ್ಲಿ ಕರೆಂಟ್ ಹೋಗಿ ಅದು ನೆಟ್‌ವರ್ಕಿನಿಂದ ಹೊರಗಿತ್ತು. ಜಾಗತಿಕ ಸಂಸ್ಥೆಯೊಂದರ ಜಾಲ ಮತ್ತೆ ಎದ್ದು ನಿಂತದ್ದು ತಂತಿ ಕಡಿದುಕೊಂಡಿದ್ದ ಒಂದು ಪ್ರತಿಯಿಂದ. ಅಂಥ ಪ್ರತಿಯನ್ನು ಕರೆಂಟ್ ಹೋಗಲಿ ಎಂದು ಕಾಯದೆ ನಾವೇ ಮಾಡಿಟ್ಟುಕೊಳ್ಳಬಹುದು.

ಐದು ಕಂಪ್ಯೂಟರಿಗೆ ಸಾಕಾಗುವ ಏರ್ಪಾಡು

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲೋ ಬೇರೆ ಕಟ್ಟಡದಲ್ಲೋ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ ಈ 3-2-1 ಸೂತ್ರ ಇವತ್ತಿಗೂ ಹಳತಾಗಿಲ್ಲ. ಅದನ್ನು ನಮ್ಮ 400 ಜಿಬಿಗೆ ಇಳಿಸೋಣ.

2 ಟಿಬಿಯ ಮೂರು ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ. ಒಂದೇ ದಿನ, ಒಂದೇ ಅಂಗಡಿಯಿಂದ ಮೂರೂ ಬೇಡ. ಒಂದೇ ಬ್ಯಾಚಿನವಾದರೆ ಒಂದೇ ದೋಷ ಮೂರಕ್ಕೂ ಇರಬಹುದು. ಕೆಂಪು, ಹಸಿರು, ನೀಲಿ ಟೇಪ್ ಅಂಟಿಸಿ. ಕೆಂಪು, ಹಸಿರು ವಾರ ಬಿಟ್ಟು ವಾರ ಆಫೀಸಿಗೆ ಬರುತ್ತವೆ. ಒಂದು ಇಲ್ಲಿದ್ದರೆ ಇನ್ನೊಂದು ಮಾಲೀಕರ ಮನೆಯಲ್ಲಿ. ನೀಲಿ ತಿಂಗಳಿಗೊಮ್ಮೆ ಮಾತ್ರ ಬರೆದು ಬ್ಯಾಂಕ್ ಲಾಕರಿಗೆ. ಸಂಜೆ ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಬಿಚ್ಚಿ ಬೀರುವಿನಲ್ಲಿ ಇಡಬೇಕು. ಅದು ಮೇಜಿನ ಮೇಲೆ ಚುಚ್ಚಿಕೊಂಡು ಉಳಿದರೆ ಇಷ್ಟೂ ವ್ಯರ್ಥ. ತಿರುಗುತ್ತಿರುವ ಡಿಸ್ಕ್ ಮೇಜಿನಿಂದ ಬಿದ್ದರೂ ಕಥೆ ಮುಗಿಯಿತು, ಅದರ ತಟ್ಟೆಗೂ ಓದುವ ತಲೆಗೂ ನಡುವಿನ ಸಂದು ಕೆಲವೇ ನ್ಯಾನೊಮೀಟರ್. ಅದಕ್ಕೇ ಇಜೆಕ್ಟ್ ಕೊಟ್ಟು, ತಿರುಗುವುದು ನಿಂತ ಮೇಲೆ ಎತ್ತಬೇಕು.

ಇಡೀ ಕಂಪ್ಯೂಟರಿನ ಪ್ರತಿ ತೆಗೆಯಲು ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಒಳ್ಳೆಯದು. ಬ್ಯಾಕಪ್ ಮುಗಿದ ಕೂಡಲೇ ಡಿಸ್ಕನ್ನು ತಾನೇ ಇಜೆಕ್ಟ್ ಮಾಡುವ ಆಯ್ಕೆ ಅದರಲ್ಲಿದೆ, ತಪ್ಪದೆ ಹಾಕಿಕೊಳ್ಳಿ. ರಿಕವರಿ ಮೀಡಿಯಾ ಎಂಬ ಬೂಟ್ ಆಗುವ ಪೆನ್‌ಡ್ರೈವನ್ನೂ ಅದರಿಂದಲೇ ಮಾಡಿಟ್ಟುಕೊಳ್ಳಿ. ಫೋಲ್ಡರುಗಳಷ್ಟೇ ಸಾಕೆಂದರೆ ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಸಾಕು. ಆದರೆ ಅದರ ಮಿರರ್ ಆಯ್ಕೆಯ ಬಗ್ಗೆ ಹುಷಾರು. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ. ಮೂಲ, ಗುರಿ ಎರಡನ್ನೂ ಅದಲುಬದಲು ಬರೆದರೆ ಖಾಲಿ ಡಿಸ್ಕನ್ನು ಮಾದರಿಯಾಗಿಟ್ಟುಕೊಂಡು ನಿಮ್ಮ ಡೇಟಾವನ್ನೇ ಖಾಲಿ ಮಾಡುತ್ತದೆ.

ಡಿಸ್ಕುಗಳಿಗೆ ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಹಾಕಿ, ಬಸ್ಸಿನಲ್ಲಿ ಬಿಟ್ಟುಹೋದರೂ ಗ್ರಾಹಕರ ವಿವರ ಬೇರೆಯವರಿಗೆ ಸಿಗಬಾರದು. ಬೀಗ ಹಾಕಲು ವಿಂಡೋಸ್ ಪ್ರೊ ಬೇಕು, ತೆರೆಯಲು ಹೋಮ್ ಆವೃತ್ತಿಯೂ ಸಾಕು. 48 ಅಂಕಿಯ ರಿಕವರಿ ಕೀ ಅಚ್ಚು ಮಾಡಿ ಲಾಕರಿನಲ್ಲಿಡಿ, ಆ ಡಿಸ್ಕಿನ ಜೊತೆಗಲ್ಲ. ಹಾಗೆಯೇ ಆಫೀಸಿನ ಲ್ಯಾಪ್‌ಟಾಪ್‌ಗಳನ್ನೂ ನೋಡಿ. ಹೊಸ ವಿಂಡೋಸ್ 11 ಯಂತ್ರಗಳು ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದಾಗ ತಾವಾಗಿಯೇ ಡಿಸ್ಕಿಗೆ ಬೀಗ ಹಾಕಿ, ಕೀಯನ್ನು ಆ ಖಾತೆಯಲ್ಲಿ ಇಡುತ್ತವೆ. ಶುರು ಮಾಡಿದವರು ಕೆಲಸ ಬಿಟ್ಟುಹೋದ ಹುಡುಗ ಆಗಿದ್ದರೆ, ಮದರ್‌ಬೋರ್ಡ್ ಬದಲಿಸಿದ ದಿನ ಆ 48 ಅಂಕಿಗೆ ಅವನನ್ನೇ ಹುಡುಕಬೇಕಾಗುತ್ತದೆ.

ಮೂರನೆಯ ಪ್ರತಿ ಕ್ಲೌಡ್‌ನಲ್ಲಿ. ಇಲ್ಲಿ ಹುಡುಕಬೇಕಾದ ಸೌಲಭ್ಯದ ಹೆಸರು ಆಬ್ಜೆಕ್ಟ್ ಲಾಕ್. ಅಮೆಜಾನ್‌ನ ಕ್ಲೌಡ್ ಸಂಗ್ರಹವಾದ ಎಸ್3ಯಲ್ಲಿ ಇದನ್ನು ಕಂಪ್ಲಯನ್ಸ್ ಮಾದರಿಯಲ್ಲಿ 30 ದಿನಕ್ಕೆ ಹಾಕಿದರೆ, ಆ 30 ದಿನ ಮುಗಿಯುವವರೆಗೆ ಖಾತೆಯ ಮಾಲೀಕರೂ ಆ ಪ್ರತಿಯನ್ನು ಅಳಿಸಲಾಗದು. ಪಾಸ್‌ವರ್ಡ್ ಕದ್ದವರಿಗೂ ಆಗದು. ಮುಂಬೈ ಅಥವಾ ಹೈದರಾಬಾದ್ ಪ್ರದೇಶ ಆರಿಸಿಕೊಂಡರೆ ಸರ್ವರ್ ಭಾರತದಲ್ಲಿರಬೇಕು ಎಂಬ ನಿಯಮಕ್ಕೂ ಹೊಂದುತ್ತದೆ. ಮೊದಲ ಸಲ ಸಮಯ ಹಿಡಿಯುತ್ತದೆ. 20 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ 400 ಜಿಬಿ ಏರಲು ಸುಮಾರು 44 ಗಂಟೆ, ಅದೂ ಎಲ್ಲೂ ಕಡಿಯದಿದ್ದರೆ. ಆಮೇಲೆ ದಿನದ ಬದಲಾವಣೆ ಮಾತ್ರ ಹೋಗುತ್ತದೆ. ಖಾತೆಯ ಎರಡನೇ ಹಂತದ ಒಟಿಪಿ ಒಬ್ಬರದೇ ಫೋನಿನಲ್ಲಿ ಇದ್ದು ಆ ಫೋನೂ ಕಂಪ್ಯೂಟರಿನ ಜೊತೆ ಕಳುವಾದರೆ ಒಳಗೆ ಹೋಗಲು ದಾರಿಯಿಲ್ಲ. ರಿಕವರಿ ಕೋಡುಗಳನ್ನೂ ಅಚ್ಚು ಮಾಡಿ ಲಾಕರಿಗೆ ಸೇರಿಸಿ.

ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕಿನ ಪೆಟ್ಟಿಗೆ, ಅಂದರೆ ನ್ಯಾಸ್ ಇದ್ದರೆ, ಆ ಪೆಟ್ಟಿಗೆಯೇ ಕಂಪ್ಯೂಟರುಗಳಿಂದ ಫೈಲು ಎಳೆದುಕೊಳ್ಳುವ ಹಾಗೆ ಮಾಡಿ, ಕಂಪ್ಯೂಟರುಗಳು ಅದರೊಳಗೆ ಬರೆಯುವ ಹಾಗಲ್ಲ. ಹಿಂದಿನ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಚಾಲೂ ಇಡಿ. ಮನೆಯಿಂದ ನೋಡಲೆಂದು ರೂಟರಿನಲ್ಲಿ ಪೋರ್ಟ್ ತೆರೆದು ಅದನ್ನು ಇಂಟರ್ನೆಟ್ಟಿಗೆ ಒಡ್ಡಬೇಡಿ. 2022ರ ಡೆಡ್‌ಬೋಲ್ಟ್ ರ‍್ಯಾನ್ಸಮ್‌ವೇರ್ ಹುಡುಕಿಕೊಂಡು ಹೋದದ್ದು ಹೀಗೆ ಒಡ್ಡಿಕೊಂಡಿದ್ದ ನ್ಯಾಸ್‌ಗಳನ್ನೇ.

ತಾನಾಗಿ ನಡೆಯುವ ಬ್ಯಾಕಪ್ ಸದ್ದಿಲ್ಲದೆ ನಿಲ್ಲುವ ಕಾರಣಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ವಿಂಡೋಸ್ ಪಾಸ್‌ವರ್ಡ್ ಬದಲಾಯಿತು, ಶೆಡ್ಯೂಲರ್‌ಗೆ ಹೊಸದು ಕೊಡಲಿಲ್ಲ. ಯಾರೂ ಲಾಗಿನ್ ಆಗಿಲ್ಲದ ಹೊತ್ತಿನಲ್ಲಿ ಕೆಲಸ ಓಡಿತು, ಆಗ ಝಡ್ ಎಂದು ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್ ಅದಕ್ಕೆ ಕಾಣಲೇ ಇಲ್ಲ. ಡ್ರೈವ್ ಅಕ್ಷರದ ಬದಲು ಸರ್ವರಿನ ಹೆಸರಿನಿಂದ ಶುರುವಾಗುವ ಪೂರ್ತಿ ದಾರಿ ಬರೆದರೆ ಇದು ಸರಿಹೋಗುತ್ತದೆ. ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಇರಲಿಲ್ಲ, ಶೆಡ್ಯೂಲರ್ ತಾನಾಗಿ ಆರಿಸಿಕೊಂಡ ಷರತ್ತಿನಂತೆ ಓಡಲಿಲ್ಲ. ಡಿಸ್ಕ್ ತುಂಬಿತು. ರೋಬೊಕಾಪಿಯ ಫಲಿತಾಂಶ 0 ಅಲ್ಲದೆ 1 ಬಂದರೆ ಹೆದರಬೇಡಿ, ಹೊಸ ಫೈಲು ನಕಲಾಯಿತು ಎಂದರ್ಥ. 8 ಅಥವಾ ಹೆಚ್ಚು ಬಂದರೆ ಮಾತ್ರ ಏನೋ ಬಿಟ್ಟುಹೋಗಿದೆ.

ತೆರೆದು ನೋಡುವುದು

ಮೂರು ತಿಂಗಳಿಗೊಮ್ಮೆ ಒಂದು ಶನಿವಾರ ಸಂಜೆ ಒಂದು ಗಂಟೆ ಇದಕ್ಕೆ ಇಡಿ. ಬ್ಯಾಕಪ್ ತೆಗೆಯುವ ಮುನ್ನ ಮೂಲ ಟ್ಯಾಲಿಯಲ್ಲಿ ಆಲ್ಟ್ ಜೊತೆ ಜಿ ಒತ್ತಿ, ಸ್ಟ್ಯಾಟಿಸ್ಟಿಕ್ಸ್ ಎಂದು ಟೈಪ್ ಮಾಡಿ ತೆರೆಯಿರಿ. ಮಾರಾಟದ ವೋಚರ್ ಎಷ್ಟು, ರಸೀದಿ ಎಷ್ಟು, ಲೆಡ್ಜರ್ ಎಷ್ಟು ಎಂದು ಕಾಣುತ್ತದೆ. ಅದನ್ನೂ ಟ್ರಯಲ್ ಬ್ಯಾಲೆನ್ಸಿನ ಒಟ್ಟು ಮೊತ್ತವನ್ನೂ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ. ಬ್ಯಾಕಪ್ ತೆಗೆದು, ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಒಯ್ಯಿರಿ. ಅಲ್ಲಿ ಲೈಸೆನ್ಸ್ ಬೇಕಿಲ್ಲ, ಎಜುಕೇಶನಲ್ ಮಾದರಿಯಲ್ಲಿ ಟ್ಯಾಲಿ ತೆರೆದರೂ ನೋಡಲು ಸಾಕು. ಪರೀಕ್ಷೆ ಎಂಬ ಹೆಸರಿನ ಖಾಲಿ ಫೋಲ್ಡರ್ ಮಾಡಿ, ರೀಸ್ಟೋರ್ ಅದರೊಳಗೆ ಮಾಡಿ. ಜೀವಂತ ಡೇಟಾ ಇರುವ ಫೋಲ್ಡರಿನ ಮೇಲೆ ರೀಸ್ಟೋರ್ ಮಾಡಿದರೆ ಹಳೆಯದು ಹೊಸದರ ಮೇಲೆ ಕೂರುತ್ತದೆ, ಪರೀಕ್ಷೆಯೇ ಅಪಘಾತವಾಗುತ್ತದೆ. ಕಂಪನಿ ತೆರೆದು ಅದೇ ಅಂಕಿಗಳನ್ನು ಓದಿ ನೋಟ್‌ಬುಕ್ಕಿನ ಜೊತೆ ತಾಳೆ ನೋಡಿ. ಪೈಸೆಗೆ ಪೈಸೆ ಹೊಂದಬೇಕು. ಜೊತೆಗೆ ಒಂದು ನುಡಿ ಫೈಲ್, ಒಂದು ಸ್ಕ್ಯಾನ್, ಒಂದು ಹಳೆಯ ಮೇಲ್ ತೆರೆಯಿರಿ. ಎಷ್ಟು ನಿಮಿಷ ಹಿಡಿಯಿತು ಎಂಬುದನ್ನೂ ಬರೆಯಿರಿ. ಆಯುಧಪೂಜೆಗೆ ಕಂಪ್ಯೂಟರ್ ಒರೆಸಿ ಕುಂಕುಮ ಇಡುವ ದಿನ ಲಾಕರಿನ ನೀಲಿ ಡಿಸ್ಕನ್ನೂ ತಂದು ಹೀಗೆ ಒಮ್ಮೆ ತೆರೆಯಬಹುದು.

ಡೇಟಾ ಕಳೆದುಹೋದ ದಿನ

ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ಕರೆಂಟ್ ತೆಗೆಯಿರಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಒಂದೊಂದು ಸಲವೂ ತಲೆ ತಟ್ಟೆಯನ್ನು ಉಜ್ಜಬಹುದು. ಫ್ರಿಜ್‌ನಲ್ಲಿ ಇಡುವ ಸಲಹೆ ಕೇಳಬೇಡಿ, ಒಳಗೆ ನೀರು ಕಟ್ಟುತ್ತದೆ. ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲ್ ವ್ಯವಸ್ಥೆಯನ್ನು ಸರಿಪಡಿಸಲು ಅದೇ ಡಿಸ್ಕಿನ ಮೇಲೆ ಬರೆಯುತ್ತದೆ, ಉಳಿದದ್ದನ್ನೂ ಚೂರು ಮಾಡಬಹುದು. ರಿಕವರಿ ಸಾಫ್ಟ್‌ವೇರನ್ನು ಕೂಡ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬಾರದು. ಸದ್ದಿಲ್ಲದೆ ಓದಲು ಮಾತ್ರ ತಡವರಿಸುತ್ತಿದ್ದರೆ, ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂನಿಂದ ಇಡೀ ಡಿಸ್ಕನ್ನು ಅಷ್ಟೇ ಅಥವಾ ಹೆಚ್ಚು ಗಾತ್ರದ ಇನ್ನೊಂದಕ್ಕೆ ನಕಲಿಸಿ, ಮುಂದಿನ ಕೆಲಸವೆಲ್ಲ ನಕಲಿನ ಮೇಲೆ ಮಾಡಬೇಕು. ವಾರಂಟಿಯಲ್ಲಿ ಹೊಸ ಡಿಸ್ಕ್ ಸಿಗುತ್ತದೆ, ಡೇಟಾ ಸಿಗುವುದಿಲ್ಲ. ಹಳೆಯದನ್ನು ಅವರು ಇಟ್ಟುಕೊಳ್ಳುತ್ತಾರೆ ಎಂಬುದೂ ನೆನಪಿರಲಿ.

ರ‍್ಯಾನ್ಸಮ್‌ವೇರ್ ಆದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ಬೀರುವಿನ ಡಿಸ್ಕನ್ನು ಗಾಬರಿಯಲ್ಲಿ ತಂದು ಅದೇ ಕಂಪ್ಯೂಟರಿಗೆ ಚುಚ್ಚಬೇಡಿ, ಎಷ್ಟೋ ಕಡೆ ಕೊನೆಯ ಪ್ರತಿ ಹೋಗುವುದೇ ಹೀಗೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಕಂಪನಿಗಳು ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಹೊಸ ಡಿಸ್ಕ್ ಹಾಕಿ, ವಿಂಡೋಸ್ ಹೊಸದಾಗಿ ಕೂರಿಸಿ, ಎಲ್ಲ ಪಾಸ್‌ವರ್ಡ್ ಬದಲಿಸಿದ ಮೇಲೆಯೇ ಬ್ಯಾಕಪ್ ಜೋಡಿಸಿ. ದಾಳಿ ಮಾಡಿದವರು ಬೀಗ ಹಾಕುವ ದಿನಕ್ಕಿಂತ ಎಷ್ಟೋ ಮೊದಲೇ ಒಳಗೆ ಬಂದಿರಬಹುದು, ಆದ್ದರಿಂದ ಬ್ಯಾಕಪ್‌ನಿಂದ ಫೈಲು, ಲೆಕ್ಕ ಮಾತ್ರ ತೆಗೆದುಕೊಳ್ಳಿ, ಪ್ರೋಗ್ರಾಂಗಳನ್ನು ಹೊಸದಾಗಿ ಇಳಿಸಿ. ಎಲ್ಲ ಸರಿಯಾಗಿ ನಡೆಯತೊಡಗಿದರೂ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ, ಚೀಟಿ ಅಂಟಿಸಿ, ಆ ತ್ರೈಮಾಸಿಕದ ಜಿಎಸ್‌ಟಿ ಲೆಕ್ಕ ತಾಳೆಯಾಗುವವರೆಗೆ ತೆಗೆದಿಡಿ.